ಕಣ್ಣಂಚಿನ ನೇರಳೆ ಗೆರೆ

ಎಡಗಣ್ಣಿನ ರೆಪ್ಪೆಯ ಒಳಗೆ ಸೀಸದ ಬಿಲ್ಲೆಯೊಂದನ್ನು ತೂರಿಸಿ, ‘ಹಲೂ ನಕಾ’ ಎಂದು ಹೇಳಿ, ಕೋಣೆಯಲ್ಲಿದ್ದವರೆಲ್ಲ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಂಡರು. ಒಳಗೆ ಉಳಿದದ್ದು ನಾನು ಮತ್ತು ಮುಖದ ಮೇಲೆ ಬಾಗಿದ ಯಂತ್ರ. ಒಳ್ಳೆಯ ಔಷಧವೇ ಆಗಿದ್ದರೆ ಇವರೆಲ್ಲ ಯಾಕೆ ಓಡಿದರು? ಮುಂಬಯಿಯಲ್ಲಿ ನಾನು ಕಲಿತ ಮೊದಲ ಮರಾಠಿ ಮಾತು ಅದು: ಅಲುಗಾಡಬೇಡಿ. ಅಲುಗಾಡಲು ನನ್ನಲ್ಲಿ ಜೀವ ಇದ್ದರೆ ತಾನೆ!

ಊರಲ್ಲಿ, ಬ್ಯಾಡಗಿಯಲ್ಲಿ, ಅದು ಕೆಳರೆಪ್ಪೆಯ ಮೂಗಿನ ಕಡೆಯ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆಯಾಗಿತ್ತು. ಬಿಸಿ ಬಟ್ಟೆ ಒತ್ತಿದೆ, ಸುರ್ಮಾ ಹಚ್ಚಿದೆ. ರಾಣೆಬೆನ್ನೂರಿನ ಡಾಕ್ಟರು ಮುಲಾಮು ಕೊಟ್ಟರು. ಒಣಗುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಹಾವೇರಿಯ ಡಾಕ್ಟರು ಮಾತ್ರ ಬ್ಯಾಟರಿ ಹಿಡಿದು ನೋಡಿ, “ಲಗೂ ದೊಡ್ಡ ದವಾಖಾನಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ” ಎಂದರು. ನಮ್ಮ ಮನೆಯವರು ಆಗಲೇ ಮುಂಬಯಿಯ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಅಲ್ಲಿಗೇ ಹೋದೆ. ತುಣುಕು ತೆಗೆದು ಪರೀಕ್ಷಿಸಿದ ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಚರ್ಮದ ಕ್ಯಾನ್ಸರ್. ಕೊಯ್ದರೆ ರೆಪ್ಪೆ ಹೋಗುತ್ತದೆ, ಕಿರಣ ಕೊಟ್ಟು ನೋಡೋಣ. ಒಳಗೆ ಹಬ್ಬಿದರೆ ಕಣ್ಣನ್ನೇ ತೆಗೆಯಬೇಕಾದೀತು. ನಮ್ಮ ಕಡೆ ಇದಕ್ಕೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ.

ಚಾಳಿನಲ್ಲಿ ನಮ್ಮದೊಂದು ಖೋಲಿ. ಬ್ಯಾಡಗಿಯ ಮನೆಯ ಪಡಸಾಲೆಯಷ್ಟೂ ಇಲ್ಲದ ಆ ಒಂದೇ ಕೋಣೆಯಲ್ಲಿ ಅಡಿಗೆ, ಊಟ, ನಿದ್ದೆ, ನಮಾಜು ಎಲ್ಲ. ರೊಟ್ಟಿ ಬಡಿದರೆ ಕೆಳಗಿನವರು ಕೂಗುತ್ತಿದ್ದರು. ಪಾವ್ ತಿಂದರೆ ನನಗೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಆದರೆ ನೀರು! ಊರಲ್ಲಿ ಕೊಡಕ್ಕೊಂದು ಜಗಳ. ಇಲ್ಲಿ ನಸುಕಿಗೆ ನಲ್ಲಿ ತಿರುಗಿಸಿದರೆ ಧೋ ಎಂದು ಬರುತ್ತಿತ್ತು.

ಆ ನೀರೇ ನನ್ನನ್ನು ಕೆಡಿಸಿತು. ಕಿರಣ ಎಲ್ಲಿ ಬೀಳಬೇಕೆಂದು ಡಾಕ್ಟರಮ್ಮ ಕಣ್ಣಂಚಿಗೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು, ಒದ್ದೆ ಮಾಡಬೇಡ ಎಂದೂ ಹೇಳಿದ್ದರು. ಮೊದಲ ಸಲ ಕಿರಣ ಕೊಟ್ಟ ಮರುದಿನ ನಿದ್ದೆಗಣ್ಣಲ್ಲೇ ನಮಾಜಿಗೆ ವುಜೂ ಮಾಡಲು ಕೂತವಳು, ಚಿಕ್ಕಂದಿನ ರೂಢಿಯಂತೆ ಮುಖಕ್ಕೆ ಬೊಗಸೆ ಬೊಗಸೆ ನೀರು ಎರಚಿಕೊಂಡು ಚೆನ್ನಾಗಿ ಉಜ್ಜಿದೆ. ಕನ್ನಡಿ ನೋಡಿದರೆ ಗೆರೆ ಇಲ್ಲ! ಓಡಿ ಹೋಗಿ ಮನೆಯವರನ್ನು ಎಬ್ಬಿಸಿದೆ.

“ಇಷ್ಟಕ್ಕ ಯಾಕ ನಡಗಾಕತ್ತೀದಿ? ಎಲ್ಲಿತ್ತಂತ ನನಗ ಗೊತ್ತೈತಿ, ನಾ ಎಳೀತೇನಿ,” ಎಂದರು ನಮ್ಮ ಮನೆಯವರು. ಬೇಕರಿಯ ಡಬ್ಬಿಗಳ ಮೇಲೆ ಬರೆಯುವ, ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಪೆನ್ಸಿಲ್ ಅವರ ಕೈಯಲ್ಲಿತ್ತು.

“ನಿಮಗ ಗೊತ್ತಿದ್ದದ್ದು ಬ್ರೆಡ್ ಕೊಯ್ಯೂದು. ಇದು ನನ್ನ ಕಣ್ಣರೀ!”

“ಡಾಕ್ಟರ್ ಬೈದು ಹೊರಗ ಹಾಕಿದ್ರ ಏನ್ ಮಾಡ್ತಿ? ಸುಮ್ನ ಕುಂದರ.”

ಕೂತೆ. ಬೈಗುಳಕ್ಕೆ ಹೆದರಿ ಕಣ್ಣನ್ನು ಪೆನ್ಸಿಲಿಗೆ ಒಪ್ಪಿಸಿದೆ. ಗೆರೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಆಸ್ಪತ್ರೆಯಲ್ಲಿ ಯಂತ್ರ ನಡೆಸುವವನಿಗೆ ಅನುಮಾನವೇ ಬರಲಿಲ್ಲ. ಮಲಗಿಸಿದ. ಕಣ್ಣುಗುಡ್ಡೆಗೆ ಕಿರಣ ತಾಗದಂತೆ ಬಿಲ್ಲೆ ಇಟ್ಟ. ಯಂತ್ರವನ್ನು ಆ ಗೆರೆಗೆ ಹೊಂದಿಸಿ ಬಾಗಿಲ ಕಡೆ ನಡೆದ. ಯಾ ಅಲ್ಲಾ, ಗೆರೆ ತಪ್ಪಿದ್ದರೆ? ಹಿಂದಿ, ಮರಾಠಿ ಯಾವುದೂ ನೆನಪಾಗಲಿಲ್ಲ. “ಬ್ಯಾಡ್ರೀ! ಬ್ಯಾಡ್ರೀ!” ಎಂದು ಕನ್ನಡದಲ್ಲೇ ಕಿರುಚಿ, ತಲೆ ಪಕ್ಕಕ್ಕೆಳೆದು, ಅವನ ಕಣ್ಣೆದುರೇ ಗೆರೆಯನ್ನು ಸೆರಗಿನಿಂದ ಉಜ್ಜಿ ಅಳಿಸಿದೆ.

ಅವನು ಕೂಗಾಡಿದ. ಡಾಕ್ಟರಮ್ಮ ಓಡಿ ಬಂದರು. ಸೆರಗಿನ ಕಲೆ ತೋರಿಸಿ, ಹರಕು ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ತಮ್ಮ ಅಳತೆ ನೋಡಿ ಹೊಸದಾಗಿ ಗೆರೆ ಎಳೆದರು. ಸೆರಗಿಗೆ ಸಿಗದೆ ಉಳಿದಿದ್ದ ನಮ್ಮ ಮನೆಯವರ ಗೆರೆಯ ತುದಿ ಕೆನ್ನೆಯ ಕಡೆ ಸರಿದಿತ್ತು. ಹುಣ್ಣಿನ ಮೂಲೆ ಅದರ ಹೊರಗೇ ಉಳಿಯುತ್ತಿತ್ತು. ಅವತ್ತಿನಿಂದ ಆ ಮಗ್ಗುಲಿಗೆ ನೀರು ಸೋಕಿಸಲಿಲ್ಲ. ಕಾಯಿಲೆಯ ಜಾಗಕ್ಕೆ ವಿನಾಯಿತಿ ಉಂಟೆಂದು ಮಸೀದಿಯ ಮೌಲ್ವಿಗಳೂ ಹೇಳಿದರು.

ಇದೆಲ್ಲ ಎಂಬತ್ತರ ದಶಕದ ಕೊನೆಯ ಮಾತು. ಗುಳ್ಳೆ ಹೋಯಿತು, ಕಣ್ಣು ಉಳಿಯಿತು. ಆದರೆ ಆ ರೆಪ್ಪೆಗೆ ಕೂದಲು ಮತ್ತೆ ಹುಟ್ಟಲಿಲ್ಲ, ಕಣ್ಣೀರು ಮೂಗಿಗೆ ಇಳಿಯುವ ದಾರಿ ಮುಚ್ಚಿತು. ಈಗ ಎಡಗಣ್ಣು ಸದಾ ಸುರಿಯುತ್ತದೆ. ಲೋಕಲ್ ರೈಲಿನಲ್ಲಿ ಹೆಂಗಸರು ‘ಕಾಯ್ ಝಾಲಂ?’, ಏನಾಯಿತು ಎಂದು ಕೇಳುತ್ತಾರೆ. ನಕ್ಕು ಸೆರಗಿನಿಂದ ಒರೆಸಿಕೊಳ್ಳುತ್ತೇನೆ.

ಹೋದ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ಘಾಟಿಗೆ ಊರಿಗೆ ಊರೇ ಕಣ್ಣೊರೆಸಿಕೊಳ್ಳುತ್ತಿತ್ತು. ನನ್ನ ಕಣ್ಣಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

“ಆಪಾ, ನಮ್ಮೆಲ್ಲಾರ ಕಣ್ಣೂ ಹಂಗ ಅದಾವು. ಇಲ್ಲೇ ಇದ್ದಬಿಡ,” ಎಂದಳು ತಂಗಿ.

ಆ ಘಾಟು ಈ ಕಣ್ಣಿಗೆ ಆಗದು ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಮರುದಿನವೇ ಚೀಲ ಕಟ್ಟಿದೆ. ಬಸ್ಸು ಊರು ದಾಟುವವರೆಗೆ ಅತ್ತೆ, ಎರಡೂ ಕಣ್ಣಿನಿಂದ.