ಎತ್ತಿಲ್ಲದ ಸೋಮವಾರ

ಸೋಮವಾರ, ಮಧ್ಯಾಹ್ನ. ಖಾನಾಪುರದಾಚೆ ಕಾಡಂಚಿನ ಒಂದು ಊರು. ಬಸ್ಸಿನಿಂದ ಇಳಿದವರು ನಾವು ಐವರು. ದಾರಿಯಲ್ಲಿ ಎಣಿಸಿದ ಬೀಗ ಹಾಕಿದ ಮನೆಗಳು ಹನ್ನೊಂದು. ಬಿದಿರು ಕಡಿದು ಸಾಗಿಸುವುದನ್ನು ಕಲಿಸುವ ಶಿಬಿರಕ್ಕೆ ಬಂದಿದ್ದೇವೆ. ಇಂದು ಬೆಳಿಗ್ಗೆ ಊರವರು ಕಡಿದ ಬಿದಿರು ಸಂಜೆಯೊಳಗೆ ರಸ್ತೆಗೆ ಬರದಿದ್ದರೆ ಶಿಬಿರವನ್ನು ಬೇರೆ ಊರಿಗೆ ಒಯ್ಯುವುದಾಗಿ ತರಬೇತುದಾರರು ಹೇಳಿದ್ದಾರೆ.

ಈ ಶಿಬಿರದಿಂದ ಊರಲ್ಲೇ ಕೆಲಸ ಸಿಗುತ್ತದೆಂದು ನಂಬಿ ಮಲ್ಲವ್ವ ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳು ಹಸನು ಮಾಡುವ ಕೆಲಸ ಬಿಟ್ಟು ತನ್ನೂರಿಗೆ ಮರಳಿದ್ದಾಳೆ. ಚಹಾದಂಗಡಿಯ ಮುಂದೆ ನಿಂತು ರಸ್ತೆಯನ್ನೇ ನೋಡುತ್ತಿದ್ದಳು. ಊರಲ್ಲಿ ಎತ್ತುಗಳೇ ಉಳಿದಿಲ್ಲ. ಬಿದಿರು ಎಳೆಯಲು ಪಾರಿಶ್ವಾಡ ಎಂಬ ಊರಿನ ಬಸಪ್ಪ ತನ್ನ ಜೋಡಿ ಎತ್ತು ತರಬೇಕಿತ್ತು.

ಮುಂದಿನ ಬಸ್ಸಿನಿಂದ ಬಸಪ್ಪ ಒಬ್ಬನೇ ಇಳಿದ.

"ಎತ್ತು ಎಲ್ಲಿ?" ತರಬೇತುದಾರರು ಕೇಳಿದರು.

"ಇವತ್ತ ಸೋಮವಾರ ಐತ್ರಿ ಸಾಹೇಬ್ರ. ಬಸವಣ್ಣನ ಹೆಗಲಿಗಿ ನೊಗಾ ಇಡಂಗಿಲ್ರಿ. ಒಪ್ಕೊಳ್ಳುವಾಗ ವಾರ ನೋಡಲಿಲ್ರಿ."

"ಫೋನ್ ಮಾಡಬಾರದಿತ್ತಾ?"

"ಮಾತು ಕೊಟ್ಟ ಮ್ಯಾಲ ಫೋನಿನ್ಯಾಗ ಇಲ್ಲ ಅಂದ್ರ ಚಂದ ಕಾಣಂಗಿಲ್ರಿ. ಅದಕ್ಕ ನಾನ ಬಂದೇನಿ."

ಯಾರೂ ನಗಲಿಲ್ಲ.

"ಖರೇ ಹೇಳ್ರಿ ಸರ್," ಮಲ್ಲವ್ವ ಕೇಳಿದಳು, "ನಾ ವಾಪಸ್ ಬೆಳಗಾವಿಗಿ ಹೋಗಬೇಕೇನ್ರಿ?"

ತರಬೇತುದಾರರು ಗಡಿಯಾರ ನೋಡಿಕೊಂಡರು. ಬಿಸಿಲು ಓರೆಯಾಗುತ್ತಿತ್ತು.

ಬಸಪ್ಪ ತಲೆಯ ರುಮಾಲು ಬಿಚ್ಚಿ, ಮಡಚಿ, ಹೆಗಲ ಮೇಲೆ ಇಟ್ಟುಕೊಂಡ.

"ಸೋಮವಾರ ಎತ್ತಿಗಷ್ಟ ಐತಿ ತಂಗಿ. ಬಿದಿರು ಎಲ್ಲಿ ಅದಾವ, ತೋರಸು."