ಫೋಟೋ ಕೊಟ್ಟರೆ ಹುಡುಕುವ ಫೋನು

ಚಾಮರಾಜನಗರದ ಚಿಕ್ಕಂಗಡಿ ಬೀದಿಗೆ ಸೇರುವ ಒಂದು ಓಣಿಯಲ್ಲಿ ಪುಟ್ಟಸಿದ್ದಮ್ಮನ ಹೊಲಿಗೆ ಅಂಗಡಿ. ಮುಂದೆ ಅಳತೆ ತೆಗೆಯುವ ಜಾಗ, ಗೋಡೆಯ ಮೊಳೆಗಳಿಗೆ ನೇತುಹಾಕಿದ ರವಿಕೆಗಳು, ಒಂದು ಮೇಜು. ಹಿಂದೆ ಹಳೆಯ ಸೀರೆಯ ಪರದೆ. ಪರದೆಯ ಆಚೆ ಕೂತು ಹೊಲಿಯುತ್ತಿದ್ದವಳು ಕುಮಾರಿ. ಮದುವೆ ರವಿಕೆಯ ಬೆನ್ನಿಗೆ ಅವಳು ಕೂರಿಸುವ ಕೆಲಸ ನೋಡಿ ಸಂತೇಮರಹಳ್ಳಿ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ಆದರೆ ಹೊಲಿದವಳ ಮುಖ ಕಂಡವರು ಕಡಿಮೆ. "ನಮ್ಮುಡ್ಗಿಗೆ ನಾಚ್ಕೆ ಜಾಸ್ತಿ" ಎಂದು ಪುಟ್ಟಸಿದ್ದಮ್ಮ ಗಿರಾಕಿಗಳಿಗೆ ಹೇಳುತ್ತಿದ್ದಳು.

ಅದು ನಾಚಿಕೆಯಲ್ಲ, ಭಯ.

ಕುಮಾರಿ ಉಡಿಗಾಲದ ಕೂಲಿ ಮರಿಯಪ್ಪನ ಮಗಳು. ಅಪ್ಪ ಬದುಕಿದ್ದಾಗಲೇ ಗುಂಡ್ಲುಪೇಟೆಯ ನಿಂಗರಾಜುವಿಗೆ ಕೊಟ್ಟು ಮದುವೆ ಮಾಡಿದ್ದ. ನಿಂಗರಾಜು ಪಿಕಪ್ ಗಾಡಿಯಲ್ಲಿ ಮಾರ್ಕೆಟ್ಟಿನ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿ ಬರುವವನು. ಕುಡಿತವಿರಲಿಲ್ಲ, ದುಡಿಮೆಯಿತ್ತು, ನಾಲ್ಕು ಜನರೆದುರು ನಗುನಗುತ್ತಾ ಮಾತಾಡುತ್ತಿದ್ದ. ಅನುಮಾನವೊಂದು ಮಾತ್ರ ಅವನನ್ನು ಬಿಡುತ್ತಿರಲಿಲ್ಲ. ಗಡಿ ದಾಟಿದ ಮೇಲೂ ಫೋನು ಮಾಡಿ, ಮನೆಯ ಬಾಗಿಲು, ಬೀದಿ, ಒಲೆ ಎಲ್ಲವನ್ನೂ ವಿಡಿಯೋದಲ್ಲಿ ತೋರಿಸು ಅನ್ನುತ್ತಿದ್ದ. ಮನೆಗೆ ರವಿಕೆ ಹೊಲಿಸಲು ಬಂದ ಹೆಂಗಸಿನ ಜೊತೆ ಅವಳ ತಮ್ಮ ಬಂದಿದ್ದನೆಂದು ಒಂದು ದಿನ ಕುಮಾರಿಯ ಎಡಗೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ. ಆಮೇಲೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಳಿಗೆ ಬಾಗಿಲು ಬಡಿಯಿತು ಎಂದು ಹೇಳಿದ.

ಅವಳು ತವರಿಗೆ ಹೋದಳು. ಅಣ್ಣ ರವಿಕುಮಾರ ಅವಳನ್ನು ಒಂದು ವಾರವೂ ಇರಿಸಿಕೊಳ್ಳಲಿಲ್ಲ. "ಗಂಡನ್ ಜೊತೆ ಒಂದ್ಕಂಡ್ ಓಗಬೇಕು ಕಣಮ್ಮಿ" ಎಂದು ತಾನೇ ಬಸ್ಸು ಹತ್ತಿಸಿದ. ಎರಡನೆಯ ಸಲ ಮನೆ ಬಿಟ್ಟಾಗ ಅವಳು ಉಡಿಗಾಲಕ್ಕೆ ಹೋಗಲಿಲ್ಲ. ಚಾಮರಾಜನಗರದಲ್ಲಿ ಇಳಿದು, ಗೊತ್ತುಗುರಿಯಿಲ್ಲದೆ ನಡೆಯುತ್ತಾ, ಮಿಷನ್ನಿನ ಸದ್ದು ಕೇಳಿದ ಅಂಗಡಿಯ ಮುಂದೆ ನಿಂತಳು. ಉಮ್ಮತ್ತೂರಿನ ವಿಧವೆ ಪುಟ್ಟಸಿದ್ದಮ್ಮ ಅವಳ ಕೈ ನೋಡಿದಳು, ಮುಖ ನೋಡಿದಳು. "ಗುಂಡಿಗೆ ಕಾಜ ಮಾಡಕ್ ಬತ್ತದಾ?" ಅಂದಳು. ಬೇರೇನೂ ಕೇಳಲಿಲ್ಲ.

ಆಮೇಲೆ ಗುಂಡ್ಲುಪೇಟೆಯಿಂದ ಸುತ್ತಿಬಳಸಿ ಒಂದು ಮಾತು ಬಂತು. ಎಲ್ಲಿದ್ದರೂ ಹುಡುಕುತ್ತೇನೆ, ಕಾಲು ಮುರಿದು ಮನೆಯಲ್ಲಿ ಕೂರಿಸುತ್ತೇನೆ ಎಂದು ನಿಂಗರಾಜು ಮಾರ್ಕೆಟ್ಟಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಕುಮಾರಿ ಹಳೆಯ ಸಿಮ್ಮು ಮುರಿದು ಹಾಕಿದಳು. ಓಣಿಯಲ್ಲಿ ಪಿಕಪ್ಪಿನ ಹಾರ್ನು ಕೇಳಿದರೆ ಅವಳ ಕಾಲು ಪೆಡಲಿನ ಮೇಲೆ ತಾನಾಗಿ ನಿಂತುಬಿಡುತ್ತಿತ್ತು. ಆದರೂ ಒಂದು ವರ್ಷ ಕಳೆಯುವಷ್ಟರಲ್ಲಿ, ತನ್ನ ಸುಳಿವು ಯಾರಿಗೂ ಇಲ್ಲವೆಂಬ ಧೈರ್ಯ ಸಣ್ಣದಾಗಿ ಬಂದಿತ್ತು.

ಆಗ ಬಂದವಳು ಶಿವರಂಜಿನಿ. ಹರವೆಯ ಹುಡುಗಿ, ಮೈಸೂರಿನ ಒಂದು ಕಂಪನಿಯಲ್ಲಿ ಕೆಲಸ. ಫೋಟೋ ತೆಗೆದರೆ ಅದೇ ಥರದ ಚಿತ್ರಗಳನ್ನು ಹುಡುಕಿಕೊಡುವ ಒಂದು ಆ್ಯಪನ್ನು ಅವರ ಕಂಪನಿ ಹೊಸದಾಗಿ ತಯಾರು ಮಾಡುತ್ತಿತ್ತು. ಜನ ಅದನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವುದು ಅವಳ ಕೆಲಸ. ಟೈಲರುಗಳು ರವಿಕೆ ಡಿಸೈನು ಹುಡುಕುವುದನ್ನು ನೋಡಬೇಕು ಎಂದಳು.

"ನಂಗೆ ಕಣ್ಣು ಕಾಣಲ್ಲ ಕಣವ್ವ. ಒಳಗೆ ನಮ್ಮ ಕುಮಾರಿ ಅವಳೆ, ಅವಳನ್ನ ಕೇಳು" ಎಂದು ಪುಟ್ಟಸಿದ್ದಮ್ಮ ಪರದೆ ಸರಿಸಿದಳು.

ಹೆಂಗಸು ಎಂಬ ಕಾರಣಕ್ಕೆ ಕುಮಾರಿ ಒಪ್ಪಿದಳು. ಶಿವರಂಜಿನಿ ನೆಲದ ಮೇಲೆಯೇ ಕೂತು ಟೆಸ್ಟಿನ ಫೋನನ್ನು ಅವಳ ಕೈಗೆ ಕೊಟ್ಟಳು. "ಅಕ್ಕ, ನಾನು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ, ಈ ಫೋನನ್ನ. ಏನಾದ್ರೂ ತಪ್ಪಾದ್ರೆ ತಪ್ಪು ನಮ್ಮದು. ಮನಸ್ಸಿಗೆ ಬಂದಿದ್ದನ್ನ ಬಾಯಲ್ಲಿ ಹೇಳ್ತಾ ಹೋಗಿ, ಸಾಕು."

ಕುಮಾರಿ ಒಂದು ರವಿಕೆಯ ಬೆನ್ನಿನ ಫೋಟೋ ತೆಗೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಥರದ ಹತ್ತಾರು ರವಿಕೆಗಳು ಸಾಲಾಗಿ ಬಂದವು. ನವಿಲಿನ ಬೆನ್ನು, ಕುಂದಣದ ಬೆನ್ನು, ದಾರ ಕಟ್ಟುವ ಬೆನ್ನು. "ಅಯ್ಯೋ, ಎಷ್ಟ್ ಚೆಂದಾಗವೆ!" ಎಂದು ಬಾಯಿಬಿಟ್ಟು ನಕ್ಕಳು. ಪುಟ್ಟಸಿದ್ದಮ್ಮ ಆ ನಗು ಕೇಳಿ ಅಳತೆ ಪಟ್ಟಿ ಹಿಡಿದುಕೊಂಡೇ ಇಣುಕಿ ನೋಡಿದಳು.

ಇನ್ನೊಂದು ರವಿಕೆಯ ಫೋಟೋ ತೆಗೆಯೋಣವೆಂದು ಕುಮಾರಿ ಗುಂಡಿ ಒತ್ತಿದಳು. ಫೋಟೋ ತೆಗೆಯುವ ಗುಂಡಿಗೆ ಅಂಟಿಕೊಂಡಂತೆಯೇ ಕ್ಯಾಮೆರಾ ತಿರುಗಿಸುವ ಗುಂಡಿಯಿತ್ತು. ಬಾಗಿಲಿಗೆ ಸಿಕ್ಕ ಮೇಲೆ ಸರಿಯಾಗಿ ಮಡಚದ ಅವಳ ಎಡ ಹೆಬ್ಬೆರಳು ಅದರ ಮೇಲೂ ಬಿತ್ತು, ಇದರ ಮೇಲೂ ಬಿತ್ತು. ಫೋನಿನ ಪರದೆಯಲ್ಲಿ ಅವಳದೇ ಮುಖ ಮೂಡಿತು. ಬೇಕೋ ಬೇಡವೋ ಎಂದು ಫೋನು ಕೇಳಲಿಲ್ಲ. ಹುಡುಕಲು ಶುರು ಮಾಡಿಬಿಟ್ಟಿತು.

ಯಾರುಯಾರದೋ ಮುಖಗಳು ಬಂದವು. ಅವುಗಳ ನಡುವೆ ಅವಳೇ ಇದ್ದಳು. ಯಾವುದೋ ಕಲ್ಯಾಣ ಮಂಟಪ. ಮದುವೆ ಹೆಣ್ಣಿನ ರವಿಕೆಯ ಕೊಂಡಿ ಕಿತ್ತುಬಂದು, ಹೊಲಿದು ಕೊಡಲು ಪುಟ್ಟಸಿದ್ದಮ್ಮ ಅವಳನ್ನು ಕರೆದುಕೊಂಡು ಹೋಗಿದ್ದ ದಿನ. ಹೆಣ್ಣಿನ ಹಿಂದೆ ಬಾಯಲ್ಲಿ ದಾರ ಕಚ್ಚಿಕೊಂಡು ನಿಂತಿದ್ದಾಳೆ. ಫೋಟೋ ತೆಗೆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಸ್ಟುಡಿಯೋದವರು ಅದನ್ನು ತಮ್ಮ ಪೇಜಿನಲ್ಲಿ ಹಾಕಿದ್ದರು. ಕೆಳಗೆ ಬರೆದಿತ್ತು: ರವಿಕೆ, ಪುಟ್ಟಸಿದ್ದಮ್ಮ ಟೈಲರ್ಸ್, ಚಾಮರಾಜನಗರ.

ಕುಮಾರಿಯ ಕೈಯಿಂದ ಫೋನು ಜಾರಿ ಬಟ್ಟೆಯ ರಾಶಿಗೆ ಬಿತ್ತು.

"ಅಕ್ಕ, ಏನಾಯ್ತು?"

"ನನ್ ಫೋಟೋ ಯಾರತ್ರ ಇದ್ರೂ... ನಾನೆಲ್ಲಿವ್ನಿ ಅಂತ ಗೊತ್ತಾಗೋಯ್ತದಾ?"

ಶಿವರಂಜಿನಿ ಫೋನು ನೋಡಿದಳು, ಅವಳ ಕೈ ನೋಡಿದಳು. ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲ. "ಈಗಿರೋ ಥರ ಆದ್ರೆ, ಗೊತ್ತಾಗುತ್ತೆ. ಆದ್ರೆ ಇದು ಇನ್ನೂ ಜನರ ಕೈಗೆ ಹೋಗಿಲ್ಲ ಅಕ್ಕ. ನಮ್ಮ ಟೆಸ್ಟ್ ಫೋನುಗಳಲ್ಲಿ ಮಾತ್ರ ಇದೆ. ಇವತ್ತೇ ಆಫೀಸಿಗೆ ಹೇಳ್ತೀನಿ." ಆಮೇಲೆ ಕೇಳಿದಳು, "ಯಾರಿಗೆ ಹೆದರ್ತಿದ್ದೀರಿ?"

ಕುಮಾರಿ ತಲೆ ತಗ್ಗಿಸಿದಳು. ಆ ಹೆಸರನ್ನು ಬಾಯಲ್ಲಿ ಹೇಳಿದರೆ ಅವನು ಬಂದೇಬಿಡುತ್ತಾನೆ ಅನ್ನಿಸಿತು. ಶಿವರಂಜಿನಿ ತನ್ನ ನಂಬರು ಕೊಟ್ಟು, ಅಂಗಡಿಯ ನಂಬರು ತೆಗೆದುಕೊಂಡು ಎದ್ದಳು. ಹೋಗುವಾಗ ಪುಟ್ಟಸಿದ್ದಮ್ಮನಿಗೆ ಮಾತಿಗೆ ಮಾತು ಬಂದು ಹೇಳಿದಳು, "ನಾಳೆ ಗುಂಡ್ಲುಪೇಟೆ ಮಾರ್ಕೆಟ್ ಹತ್ರ ಇದೇ ಕೆಲಸ ಅಮ್ಮ."

ಮಾರನೆಯ ದಿನ ಕುಮಾರಿ ಒಂದೇ ತೋಳನ್ನು ಎರಡು ಸಲ ತಿರುಗುಮುರುಗಾಗಿ ಹೊಲಿದು ಬಿಚ್ಚಿದಳು. ಹೆಸರು ಹೇಳಬೇಕಾಗಿತ್ತು. ಫೋನು ಮಾಡಿ ಹೇಳಲೇ ಎಂದು ಎದ್ದಳು, ಕೂತಳು. ಮಾರ್ಕೆಟ್ಟಿನಲ್ಲಿ ನೂರಾರು ಜನ, ಅವನೇ ಯಾಕೆ ಅಲ್ಲಿಗೆ ಬರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಊಟಕ್ಕೆ ಕೂತಾಗ ಅಂಗಡಿಯ ಫೋನು ರಿಂಗಾಯಿತು.

"ಅಕ್ಕ, ನಾನು ಶಿವರಂಜಿನಿ. ಪುಟ್ಟಸಿದ್ದಮ್ಮ ಪಕ್ಕದಲ್ಲಿದ್ದಾರಾ? ಇಬ್ಬರೂ ಕೇಳಿಸ್ಕೊಳ್ಳಿ."

ಆಫೀಸಿಗೆ ಹೇಳಿದ್ದರೂ ಟೆಸ್ಟಿನ ಫೋನು ಇನ್ನೂ ಹಳೆಯ ಥರವೇ ಇತ್ತಂತೆ. ಹೋಟೆಲೊಂದರ ಮಹಡಿಯಲ್ಲಿ ಅವಳು ತರಕಾರಿ ವ್ಯಾಪಾರಿಗಳ ಜೊತೆ ಕೂತಿದ್ದಳಂತೆ. ಫೋಟೋ ಕೊಟ್ಟರೆ ಹುಡುಕುವ ಫೋನು ಬಂದಿದೆ ಎಂಬ ಸುದ್ದಿ ಮಾರ್ಕೆಟ್ಟಿನಲ್ಲಿ ಹಬ್ಬಿ, ಕರೆಯದವರೂ ಮೆಟ್ಟಿಲು ಹತ್ತಿ ಬಂದರಂತೆ. ಅವರಲ್ಲೊಬ್ಬ ಪಿಕಪ್ ಡ್ರೈವರು. ಜನರನ್ನೂ ಹುಡುಕುತ್ತದಾ ಎಂದು ನಗುನಗುತ್ತಾ ಕೇಳಿದನಂತೆ. ಅವಳು ಇಲ್ಲ ಎನ್ನುವಷ್ಟರಲ್ಲಿ, ಟೆಸ್ಟಿಗೆ ಕೂತಿದ್ದ ವ್ಯಾಪಾರಿಯ ಕೈಯಿಂದ ಫೋನು ಇಸಿದುಕೊಂಡು, ತನ್ನ ಫೋನಿನಲ್ಲಿದ್ದ ಮದುವೆಯ ಫೋಟೋಗೆ ಅದನ್ನು ಹಿಡಿದನಂತೆ.

"ಫೋಟೋದಲ್ಲಿ ಇದ್ದದ್ದು ನೀವು ಅಕ್ಕ. ಫೋನು ಕಿತ್ಕೊಂಡು ಆಫ್ ಮಾಡ್ಬಿಟ್ಟೆ. ಹ್ಯಾಂಗ್ ಆಯ್ತು ಅಂತ ಹೇಳ್ದೆ. ಅವನು ಜಗಳ ತೆಗೆದ. ಆದ್ರೆ ಮೊದಲನೇ ಸಾಲು ಬಂದಿತ್ತು. ಎಷ್ಟು ಓದಿದ್ನೋ ಗೊತ್ತಿಲ್ಲ. ಗೊತ್ತಿಲ್ಲ ಅಕ್ಕ."

ಪುಟ್ಟಸಿದ್ದಮ್ಮ ಕೈ ತೊಳೆಯದೆ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದಳು. "ನಡಿ, ಉಮ್ಮತ್ತೂರ್ಗೆ ಓಗನ. ನನ್ನ ತಂಗಿ ಮನೇಲಿರು."

ಕುಮಾರಿ ಚೀಲಕ್ಕೆ ಒಂದು ಸೀರೆ ತುರುಕಿದಳು. ಆಮೇಲೆ ಕೈ ನಿಂತಿತು. ಉಮ್ಮತ್ತೂರಿಗೆ ಹೋದರೆ ಅಲ್ಲಿಂದ ಎಲ್ಲಿಗೆ? ಅಲ್ಲಿ ಯಾರದೋ ಮದುವೆ, ಅಲ್ಲಿ ಇನ್ನೊಂದು ಫೋಟೋ. ತನ್ನ ಮುಖವನ್ನು ಬಿಟ್ಟು ತಾನು ಓಡಲಾಗುವುದಿಲ್ಲವಲ್ಲ ಎಂದು ಹೊಳೆಯಿತು. ಚೀಲ ಕೆಳಗಿಟ್ಟು ಶಿವರಂಜಿನಿಗೆ ಫೋನು ಮಾಡಿದಳು. "ಅವನ ಎಸ್ರು ನಿಂಗರಾಜು. ನನ್ನ ಗಂಡ" ಎಂದಳು. ಬಾಗಿಲ ಸಂದಿಯ ಕತೆಯನ್ನೂ ಹೇಳಿದಳು. ಇಷ್ಟು ವರ್ಷದಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಸಂಜೆ ಶಿವರಂಜಿನಿ ಗುಂಡ್ಲುಪೇಟೆಯಿಂದ ಬಂದಳು; ಮೂವರೂ ಠಾಣೆಗೆ ಹೋಗಿ ದೂರು ಕೊಟ್ಟರು. ಬಂದರೆ ಕೂಡಲೇ ಫೋನು ಮಾಡಿ ಎಂದು ಅಲ್ಲಿದ್ದ ಮಹಿಳಾ ಪೇದೆ ನಂಬರು ಕೊಟ್ಟಳು.

ಅವನು ಮರುದಿನ ಬೆಳಿಗ್ಗೆಯೇ ಬಂದ. ಅಂಗಡಿಯ ಹೆಸರನ್ನು ಪೂರ್ತಿ ಓದಿರಲಿಲ್ಲವೆಂದು ಕಾಣುತ್ತದೆ, ಬೀದಿಯ ಒಂದೊಂದೇ ಟೈಲರ್ ಅಂಗಡಿಯಲ್ಲಿ ಫೋಟೋ ತೋರಿಸುತ್ತಾ ಬರುತ್ತಿದ್ದ. ಮೊದಲು ದನಿ ಕೇಳಿಸಿತು. ಪಕ್ಕದ ಅಂಗಡಿಯವನ ಜೊತೆ ನಗುತ್ತಾ ಮಾತಾಡುತ್ತಿದ್ದ. ಆ ನಗು ಕೇಳಿ ಪರದೆಯ ಹಿಂದೆ ಕುಮಾರಿ ಮಿಷನ್ನು ನಿಲ್ಲಿಸಿದಳು. ಪೇದೆಯ ನಂಬರು ಒತ್ತಿ, ಒಂದೇ ಮಾತು ಪಿಸುಗುಟ್ಟಿದಳು: "ಬಂದವ್ನೆ."

"ಅಮ್ಮಾ, ಇವಳನ್ನ ಎಲ್ಲಾದ್ರೂ ನೋಡಿದ್ದೀರಾ? ನನ್ನೆಂಡ್ತಿ. ಕೋಪ ಮಾಡ್ಕಂಡ್ ಬಂದ್ಬುಟ್ಟವಳೆ." ಎಷ್ಟು ಮೆತ್ತಗಿನ ಮಾತು!

"ನಂಗೆ ಕಣ್ಣು ಸರಿಯಿಲ್ಲ ಕಣಪ್ಪ. ಮುಂದಕ್ಕೋಗು."

ಅವನು ಹೋಗಲಿಲ್ಲ. ಗೋಡೆಯ ಮೇಲಿನ ರವಿಕೆಗಳನ್ನು ನೋಡುತ್ತಿದ್ದ. ಅವಳ ಕೈಕೆಲಸ ಅವನಿಗೆ ಗೊತ್ತಿತ್ತು. "ಪರದೆ ಇಂದೆ ಯಾರು?" ಎಂದ. ಆ ದನಿಯಲ್ಲಿ ಈಗ ನಗುವಿರಲಿಲ್ಲ.

"ಯಾರಿಲ್ಲ. ಓಗು ಅಂದ್ನಲ್ಲ!"

ಮೇಜು ಉರುಳಿದ ಸದ್ದು, ಪುಟ್ಟಸಿದ್ದಮ್ಮ ಅಯ್ಯೋ ಎಂದದ್ದು. ಮುದುಕಿಯ ರಟ್ಟೆ ಹಿಡಿದು ಪಕ್ಕಕ್ಕೆ ತಳ್ಳಿದ್ದ. ಕುಮಾರಿಗೆ ಧೈರ್ಯ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅವನು ಪರದೆ ಎಳೆಯುವ ಮೊದಲೇ ಅವಳು ಹೊರಗೆ ಬಂದು, ಅವನನ್ನು ದಾಟಿ, ನೇರ ಬೀದಿಗೆ ಓಡಿ ನಡುಮಧ್ಯೆ ನಿಂತು ಕೂಗಿದಳು.

"ಬರಲ್ಲ! ನಾನು ಬರಲ್ಲ!"

ಹೂವಿನವಳು ಬುಟ್ಟಿ ಬಿಟ್ಟು ಬಂದಳು. ಆಟೋದವರು ಇಳಿದರು. ನಿಂಗರಾಜು ಅವಳ ತೋಳು ಹಿಡಿದಿದ್ದ. "ಗಂಡ ಎಂಡ್ತಿ ವಿಚಾರ, ನೀವ್ ಓಗ್ರಲಾ" ಎನ್ನುತ್ತಿದ್ದ. ಒಂದಿಬ್ಬರು ಗಂಡಸರು ಹಿಂದೆ ಸರಿದದ್ದೂ ನಿಜ. ಹೂವಿನವಳು ಸರಿಯಲಿಲ್ಲ. ಪುಟ್ಟಸಿದ್ದಮ್ಮ ಬಂದು ಕುಮಾರಿಯ ಸೊಂಟ ತಬ್ಬಿಕೊಂಡು, "ಈಗ ಎಳಿ ನೋಡನ, ನನ್ನೂ ಎಳ್ಕಂಡೋಗು" ಎಂದು ನಿಂತಳು. ಪೊಲೀಸ್ ಜೀಪು ಬರುವವರೆಗೂ ಹಾಗೆಯೇ ನಿಂತಿದ್ದರು. ಅದೆಷ್ಟು ಹೊತ್ತೋ, ಕುಮಾರಿಗೆ ಇಂದಿಗೂ ಅಂದಾಜಿಲ್ಲ.

ಕೇಸಾಯಿತು. ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಆದೇಶ ಮಾಡಿತು. ಸ್ಟುಡಿಯೋದವರು ಕೈಮುಗಿದು, ಪೇಜಿನಿಂದ ಆ ಫೋಟೋ ಅಳಿಸಿದರು. ಶಿವರಂಜಿನಿಯ ಆಫೀಸಿನಲ್ಲಿ ಮಾತ್ರ ಇದು ಸುಲಭಕ್ಕೆ ಮುಗಿಯಲಿಲ್ಲ. ಟೆಸ್ಟಿನಲ್ಲಿ ಜನ ಹೆಚ್ಚು ಇಷ್ಟಪಟ್ಟದ್ದೇ ಮುಖ ಹುಡುಕುವುದನ್ನು, ಅದನ್ನು ತೆಗೆದರೆ ಹೇಗೆ ಎಂದು ಕೆಲವರು ವಾದಿಸಿದರು. ಮೈಸೂರಿಗೆ ಬಂದು ಒಂದು ಮಾತು ಹೇಳಿ ಎಂದು ಶಿವರಂಜಿನಿ ಕೇಳಿದಾಗ ಕುಮಾರಿ ಒಪ್ಪಲಿಲ್ಲ. ಅಷ್ಟು ಜನ ಗಂಡಸರ ಮುಂದೆ ನಿಲ್ಲಲು ಅವಳಿಗೆ ಆಗುತ್ತಿರಲಿಲ್ಲ. ಕೊನೆಗೆ ಅಂಗಡಿಯಲ್ಲೇ ಕೂತು ಫೋನಿನಲ್ಲಿ ಮಾತಾಡಿ ಕಳಿಸಿದಳು: "ಅವನು ಹುಡುಕಿದ್ದು ನನ್ನ ಮುಖಾನ. ನಿಮ್ಮ ಫೋನು ನನ್ನ ಕೇಳ್ನಿಲ್ಲ, ಕೊಟ್ಬುಡ್ತು." ಅದನ್ನು ಮೀಟಿಂಗಿನಲ್ಲಿ ಹಾಕಿದ ಮೇಲೆ ಮುಖ ಹುಡುಕುವುದನ್ನು ತೆಗೆಯುವುದೆಂದು ತೀರ್ಮಾನವಾಯಿತಂತೆ.

ಕೆಲವು ತಿಂಗಳಾದ ಮೇಲೆ ಶಿವರಂಜಿನಿ ತಿದ್ದಿದ ಆ್ಯಪು ಹಾಕಿದ ಫೋನು ತಂದು ಅವಳ ಕೈಗಿಟ್ಟಳು. ಕ್ಯಾಮೆರಾ ತಿರುಗಿಸುವ ಗುಂಡಿ ಮೇಲಿನ ಮೂಲೆಗೆ ಹೋಗಿತ್ತು. ಫೋಟೋ ತೆಗೆದರೆ ಮುಖವನ್ನು ತಾನೇ ಮಸುಕು ಮಾಡಿ, ಬಟ್ಟೆಯ ಸುತ್ತ ಗೆರೆ ಎಳೆದು, ಇದನ್ನು ಹುಡುಕಲೇ ಎಂದು ಕನ್ನಡದಲ್ಲಿ ಕೇಳುತ್ತಿತ್ತು. ಹೂಂ ಎಂದರೆ ಮಾತ್ರ ಮುಂದಕ್ಕೆ. ಕುಮಾರಿ ಫೋನನ್ನು ಪುಟ್ಟಸಿದ್ದಮ್ಮನ ಮುಖಕ್ಕೆ ಹಿಡಿದು ನೋಡಿದಳು, ತನ್ನ ಮುಖಕ್ಕೇ ಹಿಡಿದು ನೋಡಿದಳು, ಓರೆಯಾಗಿ ಹಿಡಿದಳು, ಹಳೆಯ ಫೋಟೋ ಒಂದಕ್ಕೆ ಹಿಡಿದಳು. ಯಾರ ಮುಖವೂ ಬರಲಿಲ್ಲ.

"ಇನ್ನು ಯಾರೂ ಯಾರನ್ನೂ ಇಂಗೆ ಹುಡುಕಕ್ಕಾಗಲ್ವಾ?"

"ನಮ್ಮದರಲ್ಲಿ ಆಗಲ್ಲ ಅಕ್ಕ. ಬೇರೆಯವರದರ ಬಗ್ಗೆ ನಾನು ಮಾತು ಕೊಡಕ್ಕಾಗಲ್ಲ."

ಕುಮಾರಿ ತಲೆಯಾಡಿಸಿ ಫೋನು ವಾಪಸು ಕೊಟ್ಟಳು. ಆ ಉತ್ತರದ ಭಯ ಇಂದಿಗೂ ಅವಳ ಜೊತೆಗಿದೆ. ಮದುವೆ ಮನೆಗೆ ಹೋದರೆ ಕ್ಯಾಮೆರಾದವನು ಎಲ್ಲಿದ್ದಾನೆಂದು ಮೊದಲು ನೋಡಿಕೊಳ್ಳುತ್ತಾಳೆ. ಕಂಡರೆ, "ಅಣ್ಣಾ, ನನ್ನ ಬುಟ್ಟು ತೆಗಿ" ಎಂದು ಎಲ್ಲರೆದುರೂ ಹೇಳುತ್ತಾಳೆ. ವಿಚ್ಛೇದನದ ಕೇಸು ಗುಂಡ್ಲುಪೇಟೆಯಲ್ಲಿ ನಡೆಯುತ್ತಿದೆ. ವಾಯಿದೆಯ ದಿನ ಪುಟ್ಟಸಿದ್ದಮ್ಮನೂ ಜೊತೆಗೆ ಬಸ್ಸು ಹತ್ತುತ್ತಾಳೆ. ಗುಂಡ್ಲುಪೇಟೆಗೆ ಮುಂಚಿನ ತೆರಕಣಾಂಬಿ ದಾಟುತ್ತಲೇ ಕುಮಾರಿಯ ಅಂಗೈ ಬೆವರಲು ಶುರುವಾಗುತ್ತದೆ. ಮುದುಕಿ ತನ್ನ ಸೆರಗಿನಿಂದ ಅದನ್ನು ಒರೆಸಿ, ಕಡಲೆಕಾಯಿ ಸುಲಿದು ಕೊಡುತ್ತಾಳೆ.