ಸಂಚಿಯ ಹೊಟ್ಟೆಗೆ ಮೂರು ಕಾಳು ಜೋಳ

ಬೆಳಗಿನ ಐದೂವರೆ. ಇಳಕಲ್ಲಿನ ಈ ಕಿರಿದಾದ ಓಣಿಗೆ ಬರುವ ಮೊದಲ ಬೆಳಕು ನೇರವಾಗಿ ಬೀಳುವುದು ಶಹರಬಾನು ಅವರ ಮನೆಯ ಹೊಸ್ತಿಲಿಗೆ. ಅಷ್ಟೊತ್ತಿಗೆ ಅವರು ನಮಾಜು ಮುಗಿಸಿ, ಚಹಾ ಕುಡಿದು, ಕಾಲು ಚಾಚಿ ಕೂತುಬಿಟ್ಟಿರುತ್ತಾರೆ. ತೊಡೆಯ ಮೇಲೆ ಅಂಗೈ ಅಗಲದ ಬಟ್ಟೆ. ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಅರವತ್ತೊಂದರ ಕಣ್ಣಿಗೆ ಕನ್ನಡಕವೇನೋ ಇದೆ, ಆದರೆ ಅದು ತಲೆಯ ಮೇಲಿದೆ. "ಅದು ದಾರ ಪೋಣಸಾಕ ಅಷ್ಟ," ಎನ್ನುತ್ತಾರೆ. "ಹೊಲಿಯೂದು ಕೈಗೆ ಗೊತ್ತೈತಿ."

ಇಷ್ಟು ನಸುಕಿನಲ್ಲೇ ಯಾಕೆ ಅಂದರೆ ಅದಕ್ಕೂ ಕಾರಣವಿದೆ. "ಏಳಕ್ಕ ಬಾಜೂ ಮನಿ ಪಾವರ್‌ಲೂಮ್ ಶುರು ಆಗ್ತಾವ. ನೆಲಾ ನಡಗಾಕ ಹತ್ತತೈತಿ. ಸೂಜಿ ಸೊಟ್ಟ ಹೊಕ್ಕೈತಿ. ಮತ್ತ ಬಿಚ್ಚು, ಮತ್ತ ಹೊಲಿ. ಯಾರಿಗೆ ಬೇಕ್ರಿ ಆ ರಗಳಿ?"

ಅವರು ಹೊಲಿಯುತ್ತಿರುವುದು ಸಂಚಿ. ಹಿಂದೆ ಎಲೆ ಅಡಿಕೆ ಇಡುತ್ತಿದ್ದರಲ್ಲ, ಆ ಪುಟ್ಟ ಚೀಲ. ಇಳಕಲ್ ಸೀರೆಯ ದಡಿಯ ಚೂರು, ಗುಳೇದಗುಡ್ಡದ ಖಣದ ಚೂರು, ಕೆಂಪು ಸೆರಗಿನ ಒಂದು ತುಂಡು, ಹೀಗೆ ಐದು ಚಿಂದಿ ಸೇರಿದರೆ ಒಂದು ಸಂಚಿ. ಅದರ ಮೇಲೆ, ಹಳೆ ಸೀರೆಗಳ ಪದರ ಸೇರಿಸಿ ಮಾಡುವ ಹೊದಿಕೆ ಕೌದಿಯ ಹಾಗೆಯೇ, ಸಾಲು ಸಾಲು ಹೊಲಿಗೆ. ದಿನಕ್ಕೆ ಎಂಟು ಸಂಚಿ ಆಗುತ್ತವೆ, ವಾರಕ್ಕೆ ಎರಡು ಸೂಜಿ ಮುರಿಯುತ್ತವೆ. ಎರಡು ವರ್ಷದಲ್ಲಿ ನಾಲ್ಕು ಸಾವಿರ ದಾಟಿರಬೇಕು ಎಂದು ಸೊಸೆ ಅಲ್ಮಾಸ ಲೆಕ್ಕ ಹಾಕುತ್ತಾಳೆ. ಅತ್ತೆಗೆ ಆ ಲೆಕ್ಕದ ಗೊಡವೆ ಇಲ್ಲ.

ಈ ಸಂಚಿಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸೀರೆ ಕೊಂಡವರಿಗೆ ಇವು ಪುಕ್ಕಟೆ. ಎರಡು ಓಣಿ ಆಚೆಯ ನೇಕಾರ ಶಂಭು ಅವರ ಮಗಳು ಸುಶ್ಮಿತಾ, ಬಾಗಲಕೋಟೆಯ ನವನಗರದಲ್ಲಿ ಬಿ.ಕಾಂ. ಮುಗಿಸಿ ಬಂದವಳು, ಅಪ್ಪನ ಕೈಮಗ್ಗದ ಸೀರೆಗಳನ್ನು ಫೋನಿನಲ್ಲೇ ಮಾರುತ್ತಾಳೆ. ಅವಳ ಪ್ರತಿ ಪಾರ್ಸಲಿನಲ್ಲಿ ಸೀರೆಯ ಮಡಿಕೆಯೊಳಗೆ ಒಂದು ಸಂಚಿ ಬೆಚ್ಚಗೆ ಕೂತಿರುತ್ತದೆ.

"ಇಳಕಲ್ ಸೀರಿ ಮಾರವ್ರು ಫೋನಿನ್ಯಾಗ ನೂರಾರು ಮಂದಿ ಅದಾರ್ರಿ," ಎನ್ನುತ್ತಾಳೆ ಸುಶ್ಮಿತಾ. "ಅದ ದಡಿ, ಅದ ಸೆರಗು. ನಾನ ಬ್ಯಾರೆ ಅಂತ ಹೆಂಗ ಗೊತ್ತಾಗಬೇಕು? ಪಾರ್ಸಲ್ ಬಿಚ್ಚಿದ ಕೂಡಲೆ ಮಂದಿ ಫೋಟೋ ಹೊಡ್ಯೂದು ನಮ್ಮ ಬಾನುಮ್ಮನ ಸಂಚೀದು. ಸೀರೀದು ಆಮ್ಯಾಲೆ."

ಬಾನುಮ್ಮ ಎಂದು ಓಣಿಯೆಲ್ಲ ಕರೆಯುವ ಶಹರಬಾನು ಹುನಗುಂದದ ಪಕ್ಕದ ಹಳ್ಳಿಯವರು. ಕೌದಿ ಹೊಲಿಯುವುದನ್ನು ಕಲಿತದ್ದು ತಾಯಿಯಿಂದ. ಮದುವೆಯಾಗಿ ಇಳಕಲ್ಲಿಗೆ ಬಂದರು. ಗಂಡ ಜಾಫರಸಾಬರು ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದರು. ಕಲ್ಲಿನ ಧೂಳು ಎದೆಗೆ ಇಳಿಯಿತು, ದವಾಖಾನೆ ಅಲೆದದ್ದೇ ಬಂತು. ಅವರು ಹೋದಾಗ ಇಬ್ಬರು ಗಂಡುಮಕ್ಕಳು ಇನ್ನೂ ಸಾಲಿ ಓದುತ್ತಿದ್ದರು. ಬಾದಾಮಿ, ಬನಶಂಕರಿಯಿಂದೆಲ್ಲ ಜನ ಹಳೆಯ ಸೀರೆಗಳ ಗಂಟು ಕಟ್ಟಿ ತಂದು ಇವರ ಮುಂದೆ ಇಡುತ್ತಿದ್ದರು, ಕೌದಿ ಹೊಲಿದು ಕೊಡಿ ಎಂದು. ಆ ಗಂಟುಗಳ ಮೇಲೆಯೇ ಮನೆ ನಡೆಯಿತು.

ಆಮೇಲೆ ಅಂಗಡಿಯ ಬ್ಲಾಂಕೆಟ್‌ಗಳು ಬಂದವು, ಮೆತ್ತಗಿನವು, ಹುಲಿ ಚಿತ್ರ ಇದ್ದಂಥವು. ಗಂಟು ಹೊತ್ತು ಬರುವವರು ನಿಂತೇಹೋದರು. "ಕೈ ಸುಮ್ನ ಕುಂತ್ರ ಭಾಳ ಸಂಕಟ ಆಗತೈತ್ರಿ," ಎನ್ನುತ್ತಾರೆ. ಆ ಸಂಕಟದ ದಿನಗಳಲ್ಲೇ ಅಲ್ಮಾಸಳ ಫೋನ್ ಚಾರ್ಜರಿಗೆಂದು ಒಂದು ಸಂಚಿ ಹೊಲಿದರು. ಅದು ಸುಶ್ಮಿತಾಳ ಕಣ್ಣಿಗೆ ಬಿತ್ತು. ಕೆಲಸ ಮತ್ತೆ ಶುರುವಾಯಿತು.

ಎಲ್ಲ ಚೆನ್ನಾಗಿಯೇ ಇತ್ತು, ಈ ವರ್ಷದ ಆಷಾಢದವರೆಗೆ. ಪಂಚಮಿಯ ಹಬ್ಬಕ್ಕೆಂದು ಹಿಂದೆಂದೂ ಬಾರದಷ್ಟು ಬೇಡಿಕೆ ಬಂದಿತ್ತು. ಆಗ ಪುಣೆಯ ಒಬ್ಬ ಗ್ರಾಹಕಿ ಐದು ಸ್ಟಾರಿನಲ್ಲಿ ಒಂದೇ ಒಂದು ಚುಕ್ಕೆ ಕೊಟ್ಟು, ಫೋಟೋ ಸಮೇತ ಬರೆದಳು: 'ಸೀರೆ ಚೆಂದ ಇದೆ. ಆದರೆ ಉಚಿತ ಚೀಲ ತೊಳೆದಿಟ್ಟರೆ ಅದರಿಂದ ಏನೋ ಹೊರಗೆ ಬರುತ್ತಿದೆ. ಹುಳವೇ?' ಫೋಟೋದಲ್ಲಿ ಸಂಚಿಯ ಕೆಳಗಿನ ಮೂಲೆಯ ಹೊಲಿಗೆಯಿಂದ ಬೆಳ್ಳಗಿನದೇನೋ ಇಣುಕುತ್ತಿತ್ತು. ಎರಡೇ ದಿನದಲ್ಲಿ ಹದಿನಾಲ್ಕು ಮಂದಿ ಸೀರೆ ಬೇಡ ಎಂದರು.

ಸುಶ್ಮಿತಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿ ಬಂದಳು.

"ಬಾನುಮ್ಮಾ, ಇದರಾಗ ಏನ್ ಹಾಕೀರಿ?"

ಶಹರಬಾನು ಫೋನನ್ನು ದೂರ ಹಿಡಿದು ನೋಡಿದರು. ಮುಖ ಅರಳಿತು. "ಅಯ್ಯ, ಮೊಳಕಿ ಬಂದೈತಲ್ಲ! ಜ್ವಾಳದ್ದು ಅದು."

"ಜ್ವಾಳಾ?"

"ಮೂರ ಕಾಳವ್ವ. ಹೊಟ್ಟಿ ಖಾಲಿ ಬಿಟ್ಟು ಹೆಂಗ ಕಳಸೂದು?"

ಈ ಸೀಮೆಯಲ್ಲಿ ಕೌದಿ ಹೊಲಿಯುವವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಪದರಗಳ ನಡುವೆ ಒಂದು ತುತ್ತು ಏನಾದರೂ ಇಡಬೇಕು, ರೊಟ್ಟಿಯ ಚೂರೋ ನಾಲ್ಕು ಕಾಳೋ. ಕೌದಿ ಹಸಿದಿದ್ದರೆ ಹೊದ್ದವರ ಮನೆಯೂ ಹಸಿದಿರುತ್ತದೆ ಎಂದು ನಂಬಿಕೆ. ಶಹರಬಾನು ಅವರ ತಾಯಿ ರೊಟ್ಟಿಯ ಜೊತೆ ಚಿಟಿಕೆ ಸಕ್ಕರೆಯನ್ನೂ ಇಡುತ್ತಿದ್ದರಂತೆ. ಅಂಗೈ ಅಗಲದ್ದಾದರೇನು, ಸಂಚಿಯೂ ಕೌದಿಯೇ ಎಂದು ಇವರು ನಾಲ್ಕು ಸಾವಿರ ಸಂಚಿಗೂ ಮೂರು ಮೂರು ಕಾಳು ಉಣ್ಣಿಸಿ ಕಳಿಸಿದ್ದರು. ಸಂಚಿಯ ಮೂಲೆ ಕೈಗೆ ಗಟ್ಟಿಯಾಗಿ ತಗುಲಿದಾಗಲೆಲ್ಲ ದಾರದ ಗಂಟಿರಬೇಕು ಎಂದುಕೊಂಡಿದ್ದಳು ಸುಶ್ಮಿತಾ.

"ಇನ್ನ ಮ್ಯಾಲೆ ಏನೂ ಹಾಕಬ್ಯಾಡ್ರಿ," ಎಂದು ಖಡಕ್ಕಾಗಿ ಹೇಳಿ ಹೋದಳು. ಆ ದನಿ ತನಗೇ ಚೂರು ಜಾಸ್ತಿ ಅನಿಸಿತು ಎಂದು ಈಗ ಒಪ್ಪಿಕೊಳ್ಳುತ್ತಾಳೆ.

ಶಹರಬಾನು ಪ್ರಯತ್ನವನ್ನೇನೋ ಮಾಡಿದರು. ಹನ್ನೊಂದು ಸಂಚಿ ಹೊಲಿದರು. ಆದರೆ ಒಂದರ ಮೂಲೆಯನ್ನೂ ಮುಚ್ಚಲಾಗಲಿಲ್ಲ. ಹನ್ನೊಂದನ್ನೂ ಕಪಾಟಿನಲ್ಲಿ ಸಾಲಾಗಿ ಇಟ್ಟು, ಅಲ್ಮಾಸಳ ಕೈಯಲ್ಲಿ ಸುದ್ದಿ ಕಳಿಸಿದರು, ಹಸಿದ ಸಂಚಿ ನನ್ನ ಕೈಯಿಂದ ಆಗೂದಿಲ್ಲ, ಬ್ಯಾರೆಯವ್ರನ್ನ ನೋಡಿಕೋ ಎಂದು. ಎರಡು ವರ್ಷದ ಕೆಲಸ ಒಂದು ಮಾತಿಗೆ ನಿಂತಿತು.

ಹಾಗೆಂದು ಅವರಿಗೇನು ನೆಮ್ಮದಿ ಇತ್ತೇ? ಬೆಳಗಾದರೆ ಹೊಸ್ತಿಲ ಮೇಲೆ ಬೆಳಕು ಬಂದು ಬೀಳುತ್ತದೆ, ಕೈಯಲ್ಲಿ ಏನೂ ಇಲ್ಲ. "ಆ ದಿನದಾಗ ನಮ್ಮತ್ತಿ ಹತ್ರ ಹೋಗೂದ ಕಠಿಣ ಆಗಿತ್ರಿ," ಎಂದು ಅಲ್ಮಾಸ ನಗುತ್ತಾಳೆ. "ಓಣ್ಯಾಗ ಹೋಗೂ ಕೋಳಿಗೂ ಬೈತಿದ್ರು." ಅತ್ತೆ ನಗುವುದಿಲ್ಲ. ಅವರಿಗೆ ಕೆಲಸ ಹೋದದ್ದಕ್ಕಿಂತ ಇನ್ನೊಂದು ಮಾತು ಚುಚ್ಚಿತ್ತು. "ಕಾಳಿಗೆ ಹುಳಾ ಅಂದ್ರಲ್ಲ. ಜ್ವಾಳದ ಮೊಳಕಿ ಕಂಡಿಲ್ಲೇನ್ರಿ ಆ ಹುಡುಗಿ? ಅಳು ಬಂತು ನನಗ, ಖರೆ."

ಅತ್ತ ಸುಶ್ಮಿತಾ ಸೀರೆಯ ಆಕಾರದ ಪ್ಲಾಸ್ಟಿಕ್ ಕೀಲಿಗೊಂಚಲುಗಳನ್ನು ಒಂದು ಡಬ್ಬಿ ತರಿಸಿದಳು. ನಲವತ್ತು ಪಾರ್ಸಲಿಗೆ ನಲವತ್ತು ಹೋದವು. ಒಬ್ಬರೂ ಫೋಟೋ ಹಾಕಲಿಲ್ಲ. ಹಳೆಯ ಗ್ರಾಹಕಿಯರು ಮೂವರು ಕೇಳಿದರು, ಆ ಪುಟ್ಟ ಕೌದಿ ಚೀಲ ಎಲ್ಲಿ ಎಂದು. ಪಂಚಮಿಗೆ ಹದಿನೆಂಟೇ ದಿನ ಉಳಿದಿತ್ತು. ಪಾರ್ಸಲುಗಳು ಗೋಡೆಗೆ ಆನಿಸಿ ನಿಂತಿದ್ದವು, ಅವನ್ನು ಹೀಗೇ ಕಳಿಸಲು ಅವಳಿಗೆ ಮನಸ್ಸೊಪ್ಪಲಿಲ್ಲ.

ಆ ದಿನ ಬೆಳಗ್ಗೆ ಅವಳ ಅಪ್ಪ ಶಂಭು ಓಣಿಯಲ್ಲಿ ಹಾಸಿನ ಉದ್ದ ನೂಲನ್ನು ಎಳೆದು ಕಟ್ಟಿ, ಅದು ಗಟ್ಟಿಯಾಗಲೆಂದು ಗಂಜಿ ಸವರಿ ಒಳಗೆ ಬಂದರು. ಮಗಳು ಊಟಕ್ಕೆ ಕರೆದರೆ, "ತಡಿ, ಈಗರ ನೂಲಿಗೆ ಗಂಜಿ ಕುಡಿಸಿ ಬಂದೇನಿ, ನಾ ಉಣ್ಣೂದು ಆಮ್ಯಾಲೆ," ಎಂದರು. ದಿನವೂ ಹೇಳುವ ಮಾತೇ. ಅಂದು ಮಾತ್ರ ಸುಶ್ಮಿತಾ ಬಡಿಸುತ್ತಿದ್ದ ತಾಟನ್ನು ಅಲ್ಲೇ ಬಿಟ್ಟು ಎದ್ದಳು. ಸೀರೆ ಕತ್ತರಿಸಿದ ಮೇಲೆ ಮಗ್ಗದಲ್ಲಿ ಉಳಿಯುವ ಗೇಣುದ್ದದ ನೂಲಿನ ತುದಿಗಳನ್ನು ಒಂದು ಹಿಡಿ ಕಿತ್ತುಕೊಂಡು ಶಹರಬಾನು ಅವರ ಹೊಸ್ತಿಲಿಗೆ ಬಂದು ಕೂತಳು.

"ಬಾನುಮ್ಮಾ, ನಾ ಅವತ್ತು ಹಂಗ ಮಾತಾಡಬಾರದಿತ್ತು."

ಸುಶ್ಮಿತಾ ನೂಲಿನ ಹಿಡಿಯನ್ನು ಅವರ ತೊಡೆಯ ಮೇಲೆ ಇಟ್ಟಳು.

"ಇದನ್ನ ನೋಡ್ರಿ. ಈ ನೂಲು ಗಂಜಿ ಕುಡದೈತಿ. ಇದನ್ನ ಒಳಗ ಇಟ್ರ ಹೊಟ್ಟಿ ತುಂಬತೈತಿಲ್ಲೊ?"

ಶಹರಬಾನು ನೂಲನ್ನು ಮೂಸಿದರು. ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. "ಯಾವುದರ ಗಂಜಿ?"

"ಜ್ವಾಳದ್ದರಿ."

"ಹಂಗಾರ ಉಂಡಂಗ ಲೆಕ್ಕ," ಎಂದರು. ಆದರೂ ಬರೀ ಮಾತನ್ನು ನಂಬುವ ಜೀವ ಅಲ್ಲ ಅದು. ಒಂದು ಸಂಚಿಗೆ ಆ ನೂಲಿಟ್ಟು ಮೂಲೆ ಮುಚ್ಚಿ, ತೊಳೆದು, ಹಸಿಯಾಗಿಯೇ ಐದು ದಿನ ಬಚ್ಚಲ ಗೂಡಿನಲ್ಲಿಟ್ಟರು. ದಿನಾ ಬೆಳಗ್ಗೆ ಹೋಗಿ ಬಗ್ಗಿ ನೋಡುತ್ತಿದ್ದರಂತೆ. ಮೊಳಕೆ ಬರಲಿಲ್ಲ, ಹುಳವೂ ಆಗಲಿಲ್ಲ. ಆರನೆಯ ದಿನ ಕಪಾಟಿನ ಹನ್ನೊಂದೂ ಸಂಚಿಗಳು ಕೆಳಗಿಳಿದವು, ಪಾವರ್‌ಲೂಮ್ ಶುರುವಾಗುವ ಮೊದಲೇ ಅಷ್ಟರ ಮೂಲೆಯೂ ಮುಚ್ಚಿತ್ತು. ಮುಂದಿನ ಎಂಟು ದಿನ ಅಲ್ಮಾಸ ಚಿಂದಿ ಕತ್ತರಿಸಿ ಕೊಟ್ಟಳು, ಅತ್ತೆ ಹೊಲಿದರು. ಪಂಚಮಿಯ ಪಾರ್ಸಲುಗಳಲ್ಲಿ ಏಳು ಮಾತ್ರ ತಡವಾದವು.

ಬಿಟ್ಟುಹೋದ ಹದಿನಾಲ್ಕು ಮಂದಿಯಲ್ಲಿ ತಿರುಗಿ ಬಂದವರು ಐವರು. ಪುಣೆಯವಳ ಒಂದು ಚುಕ್ಕೆ ಇನ್ನೂ ಹಾಗೆಯೇ ಇದೆ. ಅದರ ಕೆಳಗೆ ಸುಶ್ಮಿತಾ ಎಲ್ಲವನ್ನೂ ಬಿಡಿಸಿ ಬರೆದಿದ್ದಾಳೆ. ಶಹರಬಾನು ಅವರಿಗೆ ಚುಕ್ಕೆಯ ಚಿಂತೆ ಇಲ್ಲ, ವಾರಕ್ಕೊಮ್ಮೆ ಬೇರೆಯದನ್ನೇ ಕೇಳುತ್ತಾರೆ: "ಆ ಮೊಳಕಿ ಏನ್ ಮಾಡಿದ್ಲಂತ? ಮಣ್ಣಾಗರ ಹಚ್ಚಿದ್ಲೋ ಇಲ್ಲೋ?"

ದೀಪಾವಳಿಯಿಂದ ಪ್ರತಿ ಪಾರ್ಸಲಿನಲ್ಲೂ ಒಂದು ಚೀಟಿ ಹಾಕಬೇಕೆಂದು ಸುಶ್ಮಿತಾಳ ಆಸೆ. 'ಈ ಸಂಚಿ ಹೊಲಿದವರು ಶಹರಬಾನು, ಇಳಕಲ್' ಎಂದು ಅಚ್ಚು ಹಾಕಿಸಲೇ ಎಂದು ಈ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಕೇಳುತ್ತಾಳೆ. ಶಹರಬಾನು ತಲೆ ಎತ್ತುವುದಿಲ್ಲ. ಗಂಜಿ ನೂಲಿನ ಸಣ್ಣ ಉಂಡೆಯನ್ನು ಮೂಲೆಯೊಳಗೆ ತೂರಿಸುತ್ತಾರೆ, ಎರಡು ಹೊಲಿಗೆ ಹಾಕಿ ಮುಚ್ಚುತ್ತಾರೆ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾರೆ.

"ನನ್ನ ಹೆಸರು ತಗೊಂಡು ಅವ್ರೇನ್ ಮಾಡ್ತಾರವ್ವ? ಬರಿಯೂದ ಇದ್ರ, 'ಇದು ಉಂಡು ಬಂದೈತಿ' ಅಂತ ಬರಿ. ಅಷ್ಟ ಸಾಕು ನನಗ."